ಪ್ಲಾಸ್ಟಿಕ್ಕಿನ ಮೇಲೆ ನಿಲ್ಲದ ಮುದ್ರೆ
ಮಹಾರಾಷ್ಟ್ರದ ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕನ್ನಡದಲ್ಲಿ ಬರೆಯುತ್ತಿದ್ದೇನೆ, ಯಾರಾದರೂ ಮರಾಠಿ ಮಾಡಿ ನಿಮ್ಮ ಮೇಜಿಗೆ ತಲುಪಿಸಿಯಾರು. ಮುಂಬೈ ಕನ್ನಡಿಗರಿಗೆ ಇದು ಅಭ್ಯಾಸವಾದ ಸಂಗತಿ. ನಮ್ಮ ಮಕ್ಕಳು ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡಿ, ಮೈದಾನದಲ್ಲಿ ಮರಾಠಿಯಲ್ಲೇ ಜಗಳವಾಡಿ ಬೆಳೆದವರು.

ಉಪನಗರದ ಶಾಲೆಯೊಂದರಲ್ಲಿ 27 ವರ್ಷ ಪಿ.ಟಿ. ಮೇಷ್ಟ್ರಾಗಿದ್ದೆ. ನಿವೃತ್ತನಾದ ಮೇಲೂ ಸಂಜೆ ಹೊತ್ತು ಮಕ್ಕಳಿಗೆ ಕಬಡ್ಡಿ ಹೇಳಿಕೊಡುತ್ತೇನೆ. ಅವರಲ್ಲಿ ಒಬ್ಬಳ ಕಥೆ ಕೇಳಿ. ಅಪ್ಪ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಾರೆ. ಹುಡುಗಿ ರೈಡರ್. ಎದುರಾಳಿಯ ಕಣ್ಣಿಗೆ ಕಣ್ಣಿಟ್ಟುಕೊಂಡೇ ಎಡಗಾಲ ತುದಿಯನ್ನು ಬೋನಸ್ ಗೆರೆಯಾಚೆ ಊರಿ ಬರುತ್ತಾಳೆ. ಜಿಲ್ಲೆ ದಾಟಿ ವಿಭಾಗ ಮಟ್ಟದವರೆಗೂ ಆಡಿದವಳು. ಸರ್ಟಿಫಿಕೇಟು ಬಂದ ದಿನವೇ ಅಪ್ಪ ಹೆಮ್ಮೆಯಿಂದ ಓಡಿಹೋಗಿ ಲ್ಯಾಮಿನೇಷನ್ ಮಾಡಿಸಿದರು.

ಹತ್ತನೆಯ ತರಗತಿಯ ಫಲಿತಾಂಶ ಬಂತು. ಹನ್ನೊಂದನೆಯ ತರಗತಿಗೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕೋಣವೆಂದು ಹೊರಟರೆ, ಮೂಲ ಸರ್ಟಿಫಿಕೇಟಿನ ಮೇಲೆ ತಪಾಸಣೆಯ ಮುದ್ರೆ ಬೇಕೆಂದರು. ಪ್ಲಾಸ್ಟಿಕ್ಕಿನ ಮೇಲೆ ಒತ್ತಿದ ಶಾಯಿ ಜಾರಿ ಅಧಿಕಾರಿಯ ಬೆರಳಿಗೇ ಹತ್ತಿತು. ‘ಸರ್, ಇದನ್ನು ಕಿತ್ತು ತರಬೇಕಂತೆ’ ಎಂದು ಫೋನ್ ಮಾಡಿದಳು. ಆ ರಾತ್ರಿ ಅಪ್ಪ ಅಡುಗೆಮನೆಯ ದೀಪದಡಿ ಬ್ಲೇಡು ಹಿಡಿದು ಮೂಲೆಯಿಂದ ಸಿಪ್ಪೆ ಬಿಡಿಸಿದಂತೆ ಬಿಡಿಸಿದರು. ಪ್ಲಾಸ್ಟಿಕ್ಕಿನ ಜೊತೆ ಅವಳ ಹೆಸರಿನ ಅರ್ಧವೂ ಎದ್ದು ಬಂತು. ನಕಲು ಪ್ರತಿಗೆಂದು ಓಡಾಡುವಷ್ಟರಲ್ಲಿ ಪ್ರವೇಶದ ಸುತ್ತು ಮುಗಿಯಿತು. ಈಗ ಅವಳಿರುವ ಕಾಲೇಜಿನಲ್ಲಿ ಕಬಡ್ಡಿ ತಂಡವೇ ಇಲ್ಲ.

ಮುದ್ರೆ ಬೇಡವೆಂದು ನಾನು ಹೇಳುತ್ತಿಲ್ಲ. ಟ್ರ್ಯಾಂಪೊಲಿನ್ ಆಟದ ಹೆಸರಿನ ನಕಲಿ ಪ್ರಮಾಣಪತ್ರಗಳಿಂದ ಸರ್ಕಾರಿ ನೌಕರಿ ಹಿಡಿದವರ ಹಗರಣ ಕಂಡ ರಾಜ್ಯ ಇದು. ತಪಾಸಣೆ ಇರಲಿ. ಆದರೆ ಲ್ಯಾಮಿನೇಷನ್ ಮಾಡಿಸಬೇಡಿ ಎಂಬ ಒಂದು ಮಾತನ್ನು ಸರ್ಟಿಫಿಕೇಟು ಕೊಡುವ ದಿನವೇ ಹೇಳುವವರು ಯಾರು? ನಾನೂ ಹೇಳಿರಲಿಲ್ಲ. ಆ ತಪ್ಪಿನಲ್ಲಿ ನನಗೂ ಪಾಲಿದೆ.

ನಿಮ್ಮ ಇಲಾಖೆಯ ಹೆಸರು ಶಾಲಾ ಶಿಕ್ಷಣ ಮತ್ತು ಕ್ರೀಡೆ. ಫಲಕದಲ್ಲಿ ಎರಡೂ ಅಕ್ಕಪಕ್ಕ ಇವೆ. ಸವಲತ್ತುಗಳೂ ಇವೆ: ಬೋರ್ಡ್ ಪರೀಕ್ಷೆಯಲ್ಲಿ ಆಟಗಾರರಿಗೆ ಗರಿಷ್ಠ 25 ಗ್ರೇಸ್ ಅಂಕ, ಹನ್ನೊಂದನೆಯ ಪ್ರವೇಶದಲ್ಲಿ ಶೇ. 5 ಸಮಾನಾಂತರ ಮೀಸಲು. 120 ಸೀಟುಗಳ ವಿಭಾಗದಲ್ಲಿ ಅದು 6 ಸೀಟು. 2025ರಿಂದ ಇಡೀ ರಾಜ್ಯಕ್ಕೆ ಒಂದೇ ಆನ್‌ಲೈನ್ ಪ್ರವೇಶ, ವಿದ್ಯಾರ್ಥಿ 10 ಕಾಲೇಜುಗಳವರೆಗೆ ಆಯ್ಕೆ ಬರೆಯಬಹುದು. ಹುಡುಗಿ ಹತ್ತನ್ನೂ ತುಂಬಿದ್ದಳು. ಅವುಗಳಲ್ಲಿ ಯಾವುದಕ್ಕೆ ಕಬಡ್ಡಿ ಕೋಚ್ ಇದ್ದಾರೆ, ಎಲ್ಲಿ ಮ್ಯಾಟ್ ಇದೆ, ಎಲ್ಲಿ ಕ್ರೀಡಾ ಕೋಟಾ ಎಂದರೆ ಕ್ರಿಕೆಟ್ ಅಷ್ಟೇ ಎಂದು ಅವಳಿಗೆ ಹೇಗೆ ಗೊತ್ತಾಗಬೇಕಿತ್ತು? ಮುಂಬೈಯಲ್ಲಿ ಈ ಸುದ್ದಿ ಕೋಚ್‌ಗಳ ಫೋನಿನಿಂದ ಫೋನಿಗೆ ಹೋಗುತ್ತದೆ. ಪರಿಚಯ ಇದ್ದವರಿಗೆ ಸಿಕ್ಕಿತು, ಇಲ್ಲದವರಿಗಿಲ್ಲ.

ಆಟಕ್ಕಾಗಿ ಶಾಲೆ ಆರಿಸುವುದು ಈ ಊರಿಗೆ ಹೊಸದೇನಲ್ಲ. ರಮಾಕಾಂತ ಆಚ್ರೇಕರ್ ಹೇಳಿದ ಒಂದು ಮಾತಿಗೆ ಸಚಿನ್ ತೆಂಡೂಲ್ಕರ್ ಬಾಂದ್ರಾದ ಶಾಲೆ ಬಿಟ್ಟು ದಾದರಿನ ಶಾರದಾಶ್ರಮಕ್ಕೆ ಸೇರಿದ. 1988ರಲ್ಲಿ ಆಜಾದ್ ಮೈದಾನದಲ್ಲಿ ಹ್ಯಾರಿಸ್ ಶೀಲ್ಡ್ ಶಾಲಾ ಪಂದ್ಯ, ತಂಡದ ಜೊತೆಗಾರ ಕಾಂಬ್ಳಿ ಜೊತೆ 664 ರನ್ನಿನ ಜೊತೆಯಾಟ. ಗುರುವಿನ ಒಂದು ಮಾತು ಅಷ್ಟು ದೂರ ಕೊಂಡೊಯ್ಯಿತು. ಅತ್ತ ಮೇಲಿನ ತುದಿ ನೋಡಿ: ಇದೇ ನಗರದ ಸ್ಕ್ವಾಷ್ ಆಟಗಾರ ಸಿದ್ಧಾರ್ಥ್ ಸುಚ್ಡೆ ಹಾರ್ವರ್ಡ್‌ನಲ್ಲಿ ಆಡಿ ಬಂದವರು. ಇವತ್ತು ಅಮೆರಿಕದ ಕಾಲೇಜಿಗೆ ಆಟದ ವೀಡಿಯೊ ಕಳಿಸುವುದು ಹೇಗೆ, ಕೋಚ್‌ಗೆ ಬರೆಯುವುದು ಯಾವಾಗ ಎಂದು ಹೇಳಿಕೊಡಲು ಫೀಸು ಪಡೆಯುವ ಸಲಹೆಗಾರರಿದ್ದಾರೆ. ಗಲ್ಲಾದಲ್ಲಿ ಕೂರುವ ಅಪ್ಪನಿಗೆ ಆ ಫೀಸು ಎಲ್ಲಿಂದ?

ನಮ್ಮವರು ಕಂಡುಕೊಂಡ ಒಂದು ದಾರಿ ತವರೂರಿನದು. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಸಂಸ್ಥೆಯಲ್ಲಿ ಆಟಗಾರರನ್ನು ಹುಡುಕಿ ದತ್ತು ತೆಗೆದುಕೊಳ್ಳುತ್ತಾರೆ. ಊಟ, ವಸತಿ, ಓದು, ತರಬೇತಿ ಎಲ್ಲ ಉಚಿತ. ಮಂಗಳೂರು ವಿಶ್ವವಿದ್ಯಾಲಯ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮೆರೆಯುವುದಕ್ಕೆ ಆ ಮಕ್ಕಳ ಕಾಲ್ಬಲವೇ ಮುಖ್ಯ. ಐಐಟಿ ಮದ್ರಾಸ್ ಕೂಡ 2024ರಿಂದ ಪ್ರತಿ ಪದವಿ ಕೋರ್ಸಿನಲ್ಲಿ ಆಟಗಾರರಿಗೆ 2 ಹೆಚ್ಚುವರಿ ಸೀಟು ಇಟ್ಟಿದೆ, ಒಂದು ಹುಡುಗಿಯರಿಗೇ. ನನ್ನ ಶಿಷ್ಯೆಗೂ ಮೂಡುಬಿದಿರೆಯ ಮಾತು ಹೇಳಿದೆ. ‘ಅಮ್ಮನಿಗೆ ಡಯಾಲಿಸಿಸ್ ಸರ್, ಬಿಟ್ಟು ಹೋಗೋಕಾಗಲ್ಲ’ ಎಂದಳು. ಇಲ್ಲಿ ಹುಟ್ಟಿದ ಮಗುವಿಗೆ ಇಲ್ಲೇ ದಾರಿ ಇರಬೇಕಲ್ಲವೇ?

ನನ್ನ ಬೇಡಿಕೆಗೆ ಹೊಸ ಕಟ್ಟಡವೂ ಬೇಡ, ದೊಡ್ಡ ಹಣವೂ ಬೇಡ. ಯಾವ ಆಟಕ್ಕೆ ಕೋಚ್ ಇದ್ದಾರೆ, ಮೈದಾನ ಎಲ್ಲಿದೆ, ಕಳೆದ ವರ್ಷ ಕೋಟಾದಲ್ಲಿ ಎಷ್ಟು ಜನ ಸೇರಿದರು ಎಂಬುದನ್ನು ಪ್ರತಿ ಜೂನಿಯರ್ ಕಾಲೇಜೂ ಜನವರಿಯೊಳಗೆ ಪೋರ್ಟಲಿನಲ್ಲಿ ಹಾಕಲಿ. ಸರ್ಟಿಫಿಕೇಟಿನ ತಪಾಸಣೆ ಪಂದ್ಯ ಮುಗಿದ ವಾರವೇ ಆಗಲಿ, ಫಲಿತಾಂಶದ ಗದ್ದಲದಲ್ಲಲ್ಲ. ಪ್ರವೇಶದ ದಿನಗಳಲ್ಲಿ ಪ್ರತಿ ವಾರ್ಡಿನಲ್ಲೂ ಒಬ್ಬ ಪಿ.ಟಿ. ಶಿಕ್ಷಕನನ್ನು ಒಂದು ಮೇಜಿನ ಹಿಂದೆ ಕೂರಿಸಿ. ನಮ್ಮನ್ನು ಚುನಾವಣೆಗೂ ಜನಗಣತಿಗೂ ಕರೆಯುತ್ತೀರಿ, ಇದಕ್ಕೆ ಕರೆದರೆ ನಾವು ಖುಷಿಯಿಂದಲೇ ಬರುತ್ತೇವೆ.

ಮಳೆ ಕಡಿಮೆಯಾಗುತ್ತಲೇ ಜಿಲ್ಲಾ ಪಂದ್ಯಗಳು ಶುರುವಾಗುತ್ತವೆ. ನನ್ನ ಬಳಿ ಈ ಸಲ ಹತ್ತನೆಯ ತರಗತಿಯ ಏಳು ಹುಡುಗಿಯರಿದ್ದಾರೆ. ಅವರ ಅಪ್ಪಂದಿರಿಗೆ ಲ್ಯಾಮಿನೇಷನ್ ವಿಷಯ ಹೇಳಿಯಾಗಿದೆ. ಮಿಕ್ಕದ್ದಕ್ಕೆ ನಿಮ್ಮ ಸುತ್ತೋಲೆ ಬೇಕು.

ಇತಿ,
ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು
ಕಾಂದಿವಲಿ, ಮುಂಬೈ