ಮೇನ್‌ಫ್ರೇಮ್ ಸತ್ತಿಲ್ಲ, ಬಲ್ಲವರು ಕಡಿಮೆಯಾಗುತ್ತಿದ್ದಾರೆ

ಬೀರುವಿನಷ್ಟು ದೊಡ್ಡ ಕಂಪ್ಯೂಟರುಗಳೆಲ್ಲ ಎಂದೋ ವಸ್ತುಸಂಗ್ರಹಾಲಯ ಸೇರಿವೆ ಎಂದು ನಾವು ತಿಳಿದಿರುತ್ತೇವೆ. ಇದು ತಪ್ಪು ಕಲ್ಪನೆ. ವೀಸಾದಂತಹ ಕಾರ್ಡ್ ಜಾಲ, ಜಗತ್ತಿನ ಹಲವು ದೊಡ್ಡ ಬ್ಯಾಂಕು ಹಾಗೂ ವಿಮಾ ಕಂಪನಿಗಳು ಇಂದಿಗೂ ಮೇನ್‌ಫ್ರೇಮ್ ನೆಚ್ಚಿಕೊಂಡಿವೆ. 1964ರಲ್ಲಿ ಐಬಿಎಂ ಪರಿಚಯಿಸಿದ ಸಿಸ್ಟಮ್/360ಗಾಗಿ ಬರೆದ ಎಷ್ಟೋ ಪ್ರೋಗ್ರಾಂಗಳು ಇವತ್ತಿನ ಯಂತ್ರಗಳಲ್ಲೂ ಓಡಬಲ್ಲವು.

ಈ ಯಂತ್ರಗಳ ಮೂಲ ರಬಕವಿ-ಬನಹಟ್ಟಿಯ ನೇಕಾರರಿಗೆ ಅಪರಿಚಿತವೇನಲ್ಲ. ಬಟ್ಟೆಯ ವಿನ್ಯಾಸವನ್ನು ತೂತು ಕೊರೆದ ಕಾರ್ಡುಗಳಲ್ಲಿ ಹಿಡಿದಿಡುವ ಜಕಾರ್ಡ್ ಮಗ್ಗ ಫ್ರಾನ್ಸಿನಲ್ಲಿ ರೂಪುಗೊಂಡಿತು. ತೂತಿನ ಕಾರ್ಡುಗಳಿಂದಲೇ ಹರ್ಮನ್ ಹಾಲರಿತ್ 1890ರ ಅಮೆರಿಕದ ಜನಗಣತಿಯನ್ನು ಎಣಿಸಿದ. ಅವನ ಕಂಪನಿ ಮುಂದೆ ಐಬಿಎಂ ಆಗಿ ಬೆಳೆದ ಸಂಸ್ಥೆಯಲ್ಲಿ ಸೇರಿಹೋಯಿತು. ಬಟ್ಟೆ ನೇಯುವುದು ಒಂದು ಕೆಲಸ, ಮಗ್ಗ ನಿಂತಾಗ ಸರಿಪಡಿಸುವುದು ಇನ್ನೊಂದು. ಸಿಸ್ಟಮ್ಸ್ ಪ್ರೋಗ್ರಾಮರ್ ಮಾಡುವುದು ಈ ಎರಡನೆಯದನ್ನು. ಬ್ಯಾಂಕಿನ ಲೆಕ್ಕದ ಪ್ರೋಗ್ರಾಂ ಬರೆಯುವವರು ಬೇರೆ. ಅದು ಓಡಲು ಬೇಕಾದ ಕಾರ್ಯಾಚರಣಾ ವ್ಯವಸ್ಥೆಯನ್ನು ಅಳವಡಿಸಿ, ತಿದ್ದಿ, ನಡುರಾತ್ರಿ ಕೆಟ್ಟರೆ ಎಬ್ಬಿಸಿ ನಿಲ್ಲಿಸುವವರು ಇವರು.

ಕೈಪಿಡಿ ಓದಿದಷ್ಟಕ್ಕೇ ಈ ವಿದ್ಯೆ ಕೈಹಿಡಿಯುವುದಿಲ್ಲ. 1955ರಲ್ಲಿ ಲಾಸ್ ಏಂಜಲೀಸ್ ಸುತ್ತಲಿನ ಐಬಿಎಂ 704 ಗ್ರಾಹಕರು 'ಶೇರ್' ಎಂಬ ಬಳಗ ಕಟ್ಟಿದ್ದು ಇದಕ್ಕೇ. ಪರಸ್ಪರ ಪೈಪೋಟಿಯಲ್ಲಿದ್ದ ವಿಮಾನ ಕಂಪನಿಗಳೂ ಅದರಲ್ಲಿದ್ದವು! ಒಂದೇ ಪ್ರೋಗ್ರಾಂ ಅನ್ನು ಪ್ರತಿಯೊಬ್ಬರೂ ಹೊಸದಾಗಿ ಬರೆಯುವ ದಂಡ ಅವರಿಗೆ ಸಾಕಾಗಿತ್ತು. ಮುಂದೆ 709 ಯಂತ್ರಕ್ಕೆ ಈ ಬಳಗವೇ ಒಂದು ಕಾರ್ಯಾಚರಣಾ ವ್ಯವಸ್ಥೆ ರೂಪಿಸಿತು. ವಿಎಂ ವ್ಯವಸ್ಥೆ ಬಳಸುವವರ ವಾರ್ಷಿಕ ಕೂಟವಾದ 'ವಿಎಂ ವರ್ಕ್‌ಶಾಪ್' ಕೂಡ ಸ್ವಯಂಸೇವಕರ ದುಡಿಮೆಯಿಂದಲೇ ನಡೆಯುತ್ತದೆ. ಮಾರಾಟದ ಮಾತಿಗಿಂತ 'ನಮ್ಮಲ್ಲಿ ಹೀಗೆ ಕೆಟ್ಟಿತ್ತು, ಹೀಗೆ ಸರಿಮಾಡಿದೆವು' ಎಂಬ ಮಾತಿಗೇ ಇಂಥ ಕಡೆ ಬೆಲೆ ಹೆಚ್ಚು ಎನ್ನುವುದು ನಮ್ಮ ಅನಿಸಿಕೆ.

ಯಂತ್ರ ಕೊಟ್ಟ ಕಂಪನಿಯೇ ಹೊರಟುಹೋದರೆ ಏನಾಗುತ್ತದೆ? ಭಾರತ ಅದನ್ನೂ ಕಂಡಿದೆ. 1978ರಲ್ಲಿ ಐಬಿಎಂ ದೇಶ ಬಿಟ್ಟಾಗ ಅದರ ಕಂಪ್ಯೂಟರುಗಳ ನಿರ್ವಹಣೆ ಸರಕಾರಿ ಸಂಸ್ಥೆ ಸಿಎಂಸಿಯ ಹೆಗಲಿಗೆ ಬಿತ್ತು. ಯಂತ್ರಗಳು ನಿಲ್ಲಲಿಲ್ಲ, ಏಕೆಂದರೆ ಅವನ್ನು ಬಲ್ಲವರು ಇಲ್ಲೇ ಇದ್ದರು.

ಈಗಿನ ತೊಂದರೆ ಬೇರೆ. ಬಲ್ಲವರೇ ನಿವೃತ್ತರಾಗುತ್ತಿದ್ದಾರೆ, ಕಾಲೇಜುಗಳಲ್ಲಿ ಈ ವಿಷಯ ಅಪರೂಪ. ಇತ್ತ ಬೆಂಗಳೂರಿನ ಐಬಿಎಂ ಪ್ರಯೋಗಾಲಯದಲ್ಲಿ ಮೇನ್‌ಫ್ರೇಮ್ ತಂತ್ರಾಂಶದ ಕೆಲಸ ನಡೆದೇ ಇದೆ. ಜಮಖಂಡಿ, ಮುಧೋಳ, ಬೀಳಗಿಯಿಂದ ಅಲ್ಲಿಗೆ ಕೆಲಸ ಅರಸಿ ಹೋಗುವ ಹುಡುಗ ಹುಡುಗಿಯರಿಗೆ ನಾವು ಹೇಳುವುದಿಷ್ಟೇ: 'ಹಳೆಯದು' ಎಂದು ಇದನ್ನು ಪಟ್ಟಿಯಿಂದ ಹೊಡೆದುಹಾಕುವ ಮುನ್ನ, ಈ ಕೆಲಸದಲ್ಲಿರುವ ಹಿರಿಯರೊಬ್ಬರನ್ನು ಕಂಡು ಮಾತಾಡಿ.