ಹೃದಯ ಶಸ್ತ್ರಚಿಕಿತ್ಸೆಯೂ ರಕ್ತದ ಮಿತವ್ಯಯವೂ

ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಮುಂದೆ ನಿತ್ಯ ಹಾದುಹೋಗುವ ಮುಂಬಯಿ ಕನ್ನಡಿಗರಲ್ಲಿ ಅನೇಕರಿಗೆ ಅದು ಜನಜಂಗುಳಿಯಿಂದ ತುಂಬಿದ ಒಂದು ಮಹಾನಗರಪಾಲಿಕೆ ಆಸ್ಪತ್ರೆ ಮಾತ್ರ. ಆದರೆ ರಕ್ತ ಮತ್ತು ಹೃದಯ ಇವೆರಡರ ವೈದ್ಯಕೀಯ ಇತಿಹಾಸದಲ್ಲಿಯೂ ಆ ಸಂಸ್ಥೆಗೆ ಸ್ಥಾನವುಂಟು. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಅವರ ಸಹೋದ್ಯೋಗಿಗಳು ಜಗತ್ತಿಗೆ ಪರಿಚಯಿಸಿದ ‘ಬಾಂಬೆ ರಕ್ತಗುಂಪು’ ಬೆಳಕಿಗೆ ಬಂದುದು ಇಲ್ಲಿ. 1968ರ ಫೆಬ್ರವರಿಯಲ್ಲಿ ಡಾ. ಪ್ರಫುಲ್ಲಕುಮಾರ್ ಸೇನ್ ಅವರು ಭಾರತದ ಪ್ರಥಮ ಹೃದಯ ಕಸಿಯನ್ನು ನಡೆಸಿದುದೂ ಇಲ್ಲಿಯೇ. ಆ ರೋಗಿ ಕೆಲವೇ ಗಂಟೆ ಬದುಕಿದ್ದರೂ ಆ ಸಾಹಸ ಸಾಮಾನ್ಯವಾದುದಲ್ಲ.

ಅಂದು ಸಾಹಸವಾಗಿದ್ದ ಹೃದಯ ಶಸ್ತ್ರಚಿಕಿತ್ಸೆ ಇಂದು ಈ ನಗರದ ಹತ್ತಾರು ಆಸ್ಪತ್ರೆಗಳಲ್ಲಿ ದಿನನಿತ್ಯದ ಕೆಲಸವಾಗಿದೆ. ಬೈಪಾಸ್ ಮಾಡಿಸಿಕೊಂಡವರಿಲ್ಲದ ಹೌಸಿಂಗ್ ಸೊಸೈಟಿ ಉಪನಗರಗಳಲ್ಲಿ ಅಪರೂಪ. ಆದರೆ ಶಸ್ತ್ರಕ್ರಿಯೆ ಮುಗಿದ ಬಳಿಕವೂ ರೋಗಿಯ ಎದೆಯಿಂದ ರಕ್ತ ಒಸರುತ್ತಲೇ ಇದ್ದರೆ ವೈದ್ಯರು ಏನನ್ನು ಕೊಡಬೇಕು, ಎಷ್ಟು ಕೊಡಬೇಕು ಎಂಬ ಪ್ರಶ್ನೆಗೆ ಎಷ್ಟೋ ಕಡೆ ಇನ್ನೂ ಊಹೆಯೇ ಉತ್ತರವಾಗಿದೆ. ಈ ಊಹೆಯ ಬೆಲೆಯನ್ನು ತೆರುವವರು ರೋಗಿ ಮತ್ತು ರಕ್ತದಾನಿ. ರಕ್ತದಾನ ಶಿಬಿರಗಳನ್ನು ಏರ್ಪಡಿಸುವ ಸಂಘಸಂಸ್ಥೆಗಳು ಈ ವಿಷಯವನ್ನು ವೈದ್ಯರಿಗೆ ಮಾತ್ರ ಸಂಬಂಧಿಸಿದುದೆಂದು ಬಿಟ್ಟುಬಿಡುವಂತಿಲ್ಲ.

ಹೃದಯವನ್ನು ನಿಲ್ಲಿಸಿ ಅದರ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಪದ್ಧತಿ 1953ರಲ್ಲಿ ಅಮೆರಿಕದ ಡಾ. ಜಾನ್ ಗಿಬ್ಬನ್ ಅವರಿಂದ ಯಶಸ್ವಿಯಾಯಿತು. ಯಂತ್ರದ ಕೊಳವೆಗಳಲ್ಲಿ ಹರಿಯುವ ರಕ್ತ ಹೆಪ್ಪುಗಟ್ಟದಂತೆ ರೋಗಿಗೆ ಹೆಪಾರಿನ್ ಎಂಬ ಔಷಧಿಯನ್ನು ಧಾರಾಳವಾಗಿ ಕೊಡುತ್ತಾರೆ. ಕೆಲಸ ಮುಗಿದ ಮೇಲೆ ಅದರ ಪ್ರಭಾವವನ್ನು ಅಳಿಸಲು ಪ್ರೊಟಮಿನ್ ಕೊಡುತ್ತಾರೆ. ಹೆಪಾರಿನ್ ಸಾಕಷ್ಟಾಯಿತೇ ಎಂದು ತಿಳಿಯಲು ಮೇಜಿನ ಬಳಿಯಲ್ಲಿಯೇ ಮಾಡುವ ಒಂದು ಪರೀಕ್ಷೆ 1966ರಿಂದಲೂ ಇದೆ. ಸಾಮಾನ್ಯವಾಗಿ ಎರಡು ನಿಮಿಷದ ಆಸುಪಾಸಿನಲ್ಲಿ ಹೆಪ್ಪುಗಟ್ಟುವ ರಕ್ತ ಎಂಟು ನಿಮಿಷ, ಅಂದರೆ 480 ಸೆಕೆಂಡು ಕಳೆದರೂ ಹೆಪ್ಪುಗಟ್ಟಲಿಲ್ಲವೆಂದಾದರೆ ಯಂತ್ರವನ್ನು ನಡೆಸಬಹುದೆಂಬುದು ಬಹುಕಡೆ ರೂಢಿಯಲ್ಲಿರುವ ಅಳತೆ. ಈ ಪರೀಕ್ಷೆಯಿಲ್ಲದೆ ಯಾವ ಶಸ್ತ್ರವೈದ್ಯನೂ ಮುಂದುವರಿಯನು.

ತೊಡಕು ಬರುವುದು ಅನಂತರ. ಯಂತ್ರದ ಮೂಲಕ ಗಂಟೆಗಟ್ಟಲೆ ಹರಿದ ರಕ್ತ ತೆಳುವಾಗಿರುತ್ತದೆ, ತಂಪಾಗಿರುತ್ತದೆ. ಅದರ ಪ್ಲೇಟ್‌ಲೆಟ್ ಕಣಗಳು ದಣಿದಿರುತ್ತವೆ. ಹೆಪ್ಪಿನ ನೂಲೆಳೆಗಳನ್ನು ನೇಯುವ ಫೈಬ್ರಿನೋಜನ್ ಕಡಿಮೆಯಾಗಿರಬಹುದು; ಹೆಪಾರಿನ್ ಸ್ವಲ್ಪ ಉಳಿದಿರಬಹುದು; ಇಲ್ಲವೇ ಪ್ರೊಟಮಿನ್ ಹೆಚ್ಚಾಗಿ ಅದೇ ಹೆಪ್ಪುಗಟ್ಟುವುದಕ್ಕೆ ಅಡ್ಡಿಯಾಗಿರಬಹುದು. ಇವೆಲ್ಲ ಸರಿಯಾಗಿದ್ದು ಎಲ್ಲಿಯೋ ಒಂದು ಹೊಲಿಗೆ ಸಡಿಲವಾಗಿರಲೂಬಹುದು. ಹೊರಗೆ ಕಾಣುವುದು ಮಾತ್ರ ಒಂದೇ ದೃಶ್ಯ, ರಕ್ತ ನಿಲ್ಲುತ್ತಿಲ್ಲ. ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ವರದಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಕಳೆದಿರುತ್ತದೆ. ಅಷ್ಟರಲ್ಲಿ ರೋಗಿಯ ಸ್ಥಿತಿಯೇ ಬೇರೆಯಾಗಿರುತ್ತದೆ. ನಿನ್ನೆಯ ಶಿಲ್ಕನ್ನು ನೋಡಿ ಇಂದಿನ ಚೆಕ್ಕಿಗೆ ಹಣ ಕೊಟ್ಟಂತೆ ಇದು. ಹೀಗಾಗಿ ವೈದ್ಯರು ಕಾಯದೆ, ಪ್ಲಾಸ್ಮಾ, ಪ್ಲೇಟ್‌ಲೆಟ್, ಕೆಂಪುಕಣ ಎಲ್ಲವನ್ನೂ ಕೊಡಿಸಿಬಿಡುತ್ತಾರೆ. ಅವರನ್ನು ದೂರುವಂತಿಲ್ಲ. ಕೈಯಲ್ಲಿ ಅಳತೆಗೋಲಿಲ್ಲದವನು ಕೊರತೆಗಿಂತ ಅಧಿಕವನ್ನೇ ಆರಿಸಿಕೊಳ್ಳುವುದು ಸಹಜ.

ಅಳತೆಗೋಲು ಇಲ್ಲದೆಯೂ ಇಲ್ಲ. ಜರ್ಮನಿಯ ಹೈಡೆಲ್‌ಬರ್ಗ್ ನಗರದಲ್ಲಿ ಹೆಲ್ಮುಟ್ ಹಾರ್ಟರ್ಟ್ ಎಂಬವರು 1948ರಲ್ಲಿಯೇ ಥ್ರಾಂಬೋಎಲಾಸ್ಟೋಗ್ರಫಿ ಎಂಬ ವಿಧಾನವನ್ನು ಪ್ರಕಟಿಸಿದರು. ಹೆಸರು ಉದ್ದವಾದರೂ ತತ್ವ ಸರಳ. ಪುಟ್ಟ ಬಟ್ಟಲಿನಲ್ಲಿ ಕೆಲವು ಹನಿ ರಕ್ತ. ಅದರೊಳಗೆ ಇಳಿಬಿಟ್ಟ ಒಂದು ಕಡ್ಡಿ. ಬಟ್ಟಲು ಅತ್ತಿತ್ತ ಮೆಲ್ಲನೆ ತಿರುಗುತ್ತದೆ. ರಕ್ತ ದ್ರವವಾಗಿರುವಷ್ಟು ಕಾಲ ಕಡ್ಡಿ ಸುಮ್ಮನಿರುತ್ತದೆ. ಹೆಪ್ಪು ಕೂಡಿದಂತೆಲ್ಲ ಕಡ್ಡಿ ಬಟ್ಟಲಿಗೆ ಅಂಟಿಕೊಂಡು ತಾನೂ ತೂಗತೊಡಗುತ್ತದೆ. ಆ ತೂಗಾಟವೇ ನಕ್ಷೆಯಾಗಿ ಮೂಡುತ್ತದೆ: ಮೊದಲು ಒಂದು ನೇರ ಗೆರೆ, ಬಳಿಕ ಅದು ಇಬ್ಭಾಗವಾಗಿ ಅಗಲವಾಗುತ್ತದೆ. ನೇರ ಗೆರೆ ಬಹಳ ಉದ್ದವಾದರೆ ಹೆಪ್ಪು ಆರಂಭವಾಗಲು ತಡವಾಗುತ್ತಿದೆಯೆಂದು ಅರ್ಥ; ಅಗಲ ಸಾಲದಿದ್ದರೆ ಹೆಪ್ಪಿಗೆ ಗಟ್ಟಿತನವಿಲ್ಲ; ಅಗಲವಾಗಿ ಮತ್ತೆ ಬೇಗನೆ ಕಿರಿದಾದರೆ ಕೂಡಿದ ಹೆಪ್ಪು ಕರಗುತ್ತಿದೆ. ಜೊತೆಯ ಬಟ್ಟಲೊಂದರಲ್ಲಿ ಹೆಪಾರಿನ್ನನ್ನು ನಾಶಪಡಿಸುವ ವಸ್ತುವನ್ನು ಬೆರೆಸಿ ಎರಡು ನಕ್ಷೆಗಳನ್ನು ಹೋಲಿಸಿದರೆ ಹೆಪಾರಿನ್ ಉಳಿದಿದೆಯೇ ಎಂಬುದೂ ತಿಳಿಯುತ್ತದೆ. ಇಂದಿನ ಯಂತ್ರಗಳಲ್ಲಿ ಬಟ್ಟಲಿನ ಬದಲು ಕಾರ್ಟ್ರಿಜ್ ಬಂದಿರುವುದುಂಟು. ಪೂರ್ಣ ನಕ್ಷೆಗೆ ಅರ್ಧ ಗಂಟೆ ಹಿಡಿದರೂ ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿಯೇ ದಿಕ್ಕು ತಿಳಿದುಬಿಡುತ್ತದೆ. ನಕ್ಷೆ ಸರಿಯಾಗಿದ್ದೂ ರಕ್ತ ಸುರಿಯುತ್ತಿದ್ದರೆ ಶಸ್ತ್ರವೈದ್ಯನು ಹೊಲಿಗೆಯನ್ನು ಪುನಃ ನೋಡಬೇಕೆಂಬ ಸೂಚನೆ ಅದು. ಈ ಒಂದು ಸೂಚನೆಗಾಗಿಯೇ ಯಂತ್ರವನ್ನು ಕೊಳ್ಳಬಹುದು.

ಪರೀಕ್ಷೆಯಿಂದ ಪವಾಡ ನಡೆಯುತ್ತದೆಂದು ಯಾರೂ ಭಾವಿಸಬೇಕಾಗಿಲ್ಲ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮುಂತಾದ ಮಾತ್ರೆಗಳ ಪ್ರಭಾವವನ್ನು ಸಾಮಾನ್ಯ ನಕ್ಷೆ ತೋರಿಸದು. ಅದಕ್ಕೆ ಪ್ರತ್ಯೇಕ ಪರೀಕ್ಷೆ ಬೇಕು. ಕೆನಡಾದ 12 ಆಸ್ಪತ್ರೆಗಳಲ್ಲಿ 7,402 ಹೃದಯ ಶಸ್ತ್ರಚಿಕಿತ್ಸೆಗಳನ್ನು ಒಳಗೊಂಡ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮೇಜಿನ ಬಳಿಯ ಪರೀಕ್ಷೆಯನ್ನು ಅನುಸರಿಸಿದಾಗ ಪ್ಲೇಟ್‌ಲೆಟ್ ಕೊಡಬೇಕಾಗಿ ಬಂದ ಪ್ರಸಂಗಗಳು ಸುಮಾರು ಕಾಲುಭಾಗದಷ್ಟು ಕಡಿಮೆಯಾದವು, ಭಾರಿ ರಕ್ತಸ್ರಾವವೂ ಕಡಿಮೆಯಾಯಿತು. ಕೆಂಪುಕಣದ ಉಳಿತಾಯ ಮಾತ್ರ ಅಲ್ಪವೇ. ಇತರ ದೊಡ್ಡ ತೊಡಕುಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇಷ್ಟು ಪ್ರಾಮಾಣಿಕವಾದ ಲಾಭವೂ ಲಾಭವೇ. ಬ್ರಿಟನ್ನಿನ ಸರ್ಕಾರಿ ಮಾರ್ಗದರ್ಶಿ ಸಂಸ್ಥೆಯು 2014ರಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಈ ಬಗೆಯ ಪರೀಕ್ಷೆಗಳನ್ನು ಶಿಫಾರಸು ಮಾಡಿತು. ಖರ್ಚಿಗಿಂತ ಉಳಿತಾಯವೇ ಹೆಚ್ಚೆಂದು ಲೆಕ್ಕ ಹಾಕಿತು.

ಆ ಲೆಕ್ಕ ಇಲ್ಲಿ ಹಾಗೆಯೇ ಹೊಂದುವುದಿಲ್ಲ. ಭಾರತದಲ್ಲಿ ರಕ್ತ ಮಾರಾಟದ ವಸ್ತುವಲ್ಲ. ಹಣಕ್ಕೆ ರಕ್ತ ಕೊಡುವ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನನ್ವಯ 1998ರ ಜನವರಿಯಿಂದ ನಿಲ್ಲಿಸಲಾಯಿತು. ರಕ್ತನಿಧಿಗಳು ಪಡೆಯುವುದು ಸಂಸ್ಕರಣ ಶುಲ್ಕ ಮಾತ್ರ. ಇದು ನ್ಯಾಯವಾದುದೇ. ಆದರೆ ಲೆಕ್ಕಪತ್ರದಲ್ಲಿ ಇದರಿಂದ ಒಂದು ಭ್ರಮೆ ಹುಟ್ಟುತ್ತದೆ. ರಕ್ತದ ಚೀಲ ಅಗ್ಗವಾಗಿಯೂ ಆಮದಾದ ಕಾರ್ಟ್ರಿಜ್ ದುಬಾರಿಯಾಗಿಯೂ ಕಾಣುತ್ತವೆ. ದಾನಿಯ ಅರ್ಧ ದಿನ, ಶಿಬಿರದ ಶ್ರಮ, ತಪಾಸಣೆ, ಇನ್ನೊಬ್ಬ ರೋಗಿಗೆ ಸಿಗದೆ ಹೋದ ಚೀಲ ಇವುಗಳಿಗೆ ಆ ಪುಸ್ತಕದಲ್ಲಿ ಕಲಮೇ ಇಲ್ಲ. ಶಸ್ತ್ರಚಿಕಿತ್ಸೆಗೆ ಒಂದೇ ಒಟ್ಟು ಮೊತ್ತ ನಿಗದಿಯಾಗಿರುವಲ್ಲಿ ಪರೀಕ್ಷೆಯ ಖರ್ಚು ಆಸ್ಪತ್ರೆಯ ತಲೆಗೆ ಬರುತ್ತದೆ, ಉಳಿದ ರಕ್ತದ ಲಾಭ ಮಾತ್ರ ಯಾರ ಖಾತೆಗೂ ಜಮೆಯಾಗುವುದಿಲ್ಲ. ಹೀಗಿರುವಾಗ ಪರೀಕ್ಷೆಯನ್ನು ಐಷಾರಾಮವೆಂದು ಬದಿಗಿಡುವ ಆಡಳಿತಾಧಿಕಾರಿ ತನ್ನ ಅಂಕಿಗಳ ಮಟ್ಟಿಗೆ ಸರಿ; ಅಂಕಿಗಳೇ ಅಪೂರ್ಣ.

ಮುಂಬಯಿಯಲ್ಲಿ ರಕ್ತದ ನಿಜವಾದ ಬೆಲೆ ಮೇ ತಿಂಗಳಲ್ಲಿ ತಿಳಿಯುತ್ತದೆ. ಕಾಲೇಜುಗಳು ಮುಚ್ಚಿರುತ್ತವೆ; ಅರ್ಧ ನಗರ ಊರಿಗೆ ಹೋಗಿರುತ್ತದೆ (ಅದರಲ್ಲಿ ಕನ್ನಡಿಗರ ಪಾಲು ಸಣ್ಣದಲ್ಲ); ಶಿಬಿರಗಳು ವಿರಳವಾಗುತ್ತವೆ. ಮಳೆಗಾಲ ಬಂದರೆ ಡೆಂಗ್ಯೂ ರೋಗಿಗಳಿಗೂ ಹೃದಯ ರೋಗಿಗಳಿಗೂ ಪ್ಲೇಟ್‌ಲೆಟ್‌ಗಾಗಿ ಪೈಪೋಟಿ. ಪ್ಲೇಟ್‌ಲೆಟ್ಟಿನ ಆಯುಷ್ಯ ಐದು ದಿನ. ಕೂಡಿಡುವ ಮಾತೇ ಇಲ್ಲ. ಕುಂದಾಪುರದ ಕಡೆಯಿಂದಲೋ ಬಿಜಾಪುರದ ಕಡೆಯಿಂದಲೋ ಶಸ್ತ್ರಚಿಕಿತ್ಸೆಗೆಂದು ಬಂದ ಕುಟುಂಬಕ್ಕೆ ‘ಬದಲಿಗೆ ರಕ್ತ ಕೊಡಿ’ ಎಂಬ ಮಾತು ಕೇಳಿಬಂದಾಗ, ರಾತ್ರಿಪಾಳಿ ಮುಗಿಸಿದ ಹೋಟೆಲ್ ಹುಡುಗರೇ ವಿರಾರಿನಿಂದಲೋ ಥಾಣೆಯಿಂದಲೋ ಲೋಕಲ್ ಹಿಡಿದು ಬರುವರು. ಅವರು ಕೊಟ್ಟುದರಲ್ಲಿ ಒಂದು ಚೀಲ ಅನಾವಶ್ಯಕವಾಗಿ ಹೋಯಿತೆಂದರೆ ಅದು ಸಣ್ಣ ನಷ್ಟವಲ್ಲ. ಅನಾವಶ್ಯಕ ರಕ್ತ ರೋಗಿಗೂ ನಿರುಪದ್ರವಿಯಲ್ಲ; ಶ್ವಾಸಕೋಶದ ತೊಂದರೆ, ಅಲರ್ಜಿ, ಸೋಂಕು ಇವುಗಳ ಸಂಭವ ಪ್ರತಿ ಚೀಲದೊಡನೆಯೂ ಇದೆ.

ಬಾಂಬೆ ರಕ್ತಗುಂಪಿನವರನ್ನು ಇಲ್ಲಿ ನೆನೆಯಬೇಕು. ಸಾಮಾನ್ಯ ಪರೀಕ್ಷೆಯಲ್ಲಿ ಅವರ ರಕ್ತ ‘ಓ’ ಎಂದೇ ತೋರುತ್ತದೆ. ಆದರೆ ‘ಓ’ ಗುಂಪಿನ ಕೆಂಪುಕಣಗಳೂ ಅವರಿಗೆ ಆಗುವುದಿಲ್ಲ. ತಮ್ಮದೇ ಗುಂಪಿನ ದಾನಿ ಬೇಕು. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರೆಂದು ಅಂದಾಜು. ಅಂಥವರೊಬ್ಬರ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ‘ಇನ್ನೆರಡು ಚೀಲ ಇರಲಿ’ ಎನ್ನುವ ಸ್ವಾತಂತ್ರ್ಯ ಯಾವ ವೈದ್ಯನಿಗೂ ಇಲ್ಲ. ಇರುವಷ್ಟರಲ್ಲಿಯೇ ಅಳೆದು ನಡೆಯಬೇಕು. ಅವರಿಗೆ ಅನಿವಾರ್ಯವಾದ ಈ ಶಿಸ್ತು ಉಳಿದವರ ಪಾಲಿಗೆ ಮಾತ್ರ ಐಚ್ಛಿಕವಾಗಿರಲು ಕಾರಣವೇನು?

ಸಂಘಗಳು ವರ್ಷಕ್ಕೊಮ್ಮೆ ಸಭಾಗೃಹದಲ್ಲಿ ಮಂಚ ಹಾಕಿಸಿ, ಇಷ್ಟು ಚೀಲ ಸಂಗ್ರಹವಾಯಿತೆಂದು ವರದಿಯಲ್ಲಿ ಅಚ್ಚುಹಾಕಿಸಿ ತೃಪ್ತರಾಗುತ್ತವೆ. ಮುಂದಿನ ಶಿಬಿರಕ್ಕೆ ಮುನ್ನ ರಕ್ತನಿಧಿಯ ಆಸ್ಪತ್ರೆಗೆ ಒಂದು ಪತ್ರ ಬರೆಯಬಹುದು: ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಪ್ಲಾಸ್ಮಾ, ಪ್ಲೇಟ್‌ಲೆಟ್ ಕೊಡುವ ಮೊದಲು ಮೇಜಿನ ಬಳಿ ಪರೀಕ್ಷೆ ನಡೆಯುತ್ತದೆಯೇ? ಯಂತ್ರವಿದ್ದರೆ ವರ್ಷವಿಡೀ ಕಾರ್ಟ್ರಿಜ್ ಇರುತ್ತದೆಯೇ? ರಾತ್ರಿ ನಕ್ಷೆ ಓದಬಲ್ಲವರು ಇದ್ದಾರೆಯೇ? ದಾನ ಕೊಟ್ಟವರಿಗೆ ಇಷ್ಟು ಕೇಳುವ ಅಧಿಕಾರವಿದೆ. ಯಂತ್ರ ದಾನ ಮಾಡುವವರು ಮುಂಬಯಿಯಲ್ಲಿ ಸಿಗುತ್ತಾರೆ, ಏಕೆಂದರೆ ಯಂತ್ರದ ಮೇಲೆ ಹೆಸರಿನ ಫಲಕ ಹಾಕಿಸಬಹುದು. ಒಂದು ಪುರಸಭಾ ಆಸ್ಪತ್ರೆಯ ಒಂದು ವರ್ಷದ ಕಾರ್ಟ್ರಿಜ್ ಖರ್ಚಿಗೆ ದತ್ತಿಯಿಡಲು ಯಾವುದಾದರೂ ಕನ್ನಡ ಸಂಘ ಮುಂದೆ ಬರಬೇಕು. ಬಳಸಿ ಎಸೆಯುವ ವಸ್ತುವಿನ ಮೇಲೆ ಫಲಕಕ್ಕೆ ಜಾಗವಿರುವುದಿಲ್ಲವೆಂಬುದನ್ನು ಮೊದಲೇ ತಿಳಿದಿರಬೇಕು.