18 ಅಂದರೆ ಏನು, ಸ್ವಾಮಿ?

ಕಳೆದ ವಾರ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಲಿಫ್ಟ್ ಪಕ್ಕ ಹೊಸ ಫಲಕ ನೇತುಬಿದ್ದಿತ್ತು: ‘ನಮ್ಮ ಐಸಿಯು ಸ್ವಚ್ಛತೆ: 18 ಆರ್‌ಎಲ್‌ಯು. ಪಾಸ್.’ ಎಲ್ಲಿ ಪರೀಕ್ಷೆ ಮಾಡಿದರು, ಯಾವತ್ತು, ಒರೆಸಿ ಎಷ್ಟು ಹೊತ್ತಾಗಿತ್ತು, ಯಾವ ಯಂತ್ರ, ಒಂದೂ ಇಲ್ಲ. ಒಳಗೆ ಅಣ್ಣ ಮಲಗಿದ್ದ. ಅತ್ತಿಗೆ ಫಲಕ ಓದಿ, ‘ಸದ್ಯ, ಇಲ್ಲಿ ಇನ್‌ಫೆಕ್ಷನ್ ಭಯ ಇಲ್ಲ ಬಿಡಪ್ಪ’ ಎಂದರು. ನನಗೆ ಸಿಟ್ಟು ನೆತ್ತಿಗೇರಿದ್ದು ಆಗ.

ಫಲಕದ ಆ ಸಂಖ್ಯೆ ಎಟಿಪಿ ಪರೀಕ್ಷೆಯದು. ಎಟಿಪಿ ಎಂದರೆ ಜೀವಕೋಶಗಳಿಗೆ ಶಕ್ತಿ ಒದಗಿಸುವ ಅಣು. ಅದನ್ನು ಅಳೆಯುವ ಈ ಪರೀಕ್ಷೆ ಅಂಥ ಭರವಸೆ ಕೊಡುವ ಪರೀಕ್ಷೆಯೇ ಅಲ್ಲ. ಹತ್ತಿಕಡ್ಡಿಯಿಂದ ಮಂಚದ ಕಂಬಿ ಉಜ್ಜಿ, ಅದಕ್ಕೆ ಮಿಂಚುಹುಳು ಮಿನುಗಲು ಬಳಸುವ ಲೂಸಿಫೆರೇಸ್ ಕಿಣ್ವ ಸೇರಿಸುತ್ತಾರೆ. ಎಟಿಪಿ ಇದ್ದಷ್ಟೂ ಹೊಮ್ಮುವ ಬೆಳಕನ್ನು ಪುಟ್ಟ ಯಂತ್ರ ಅಳೆದು ಅರ್ಧ ನಿಮಿಷದೊಳಗೆ ಆರ್‌ಎಲ್‌ಯು ಎಂಬ ಬೆಳಕಿನ ಮಾನದಲ್ಲಿ ಸಂಖ್ಯೆ ತೋರಿಸುತ್ತದೆ. ಆಹಾರ ಕಾರ್ಖಾನೆಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಆದರೆ ಎಟಿಪಿ ರೋಗಾಣುವಿನಲ್ಲಷ್ಟೇ ಇರುವುದಿಲ್ಲ. ರಕ್ತದಲ್ಲಿದೆ, ಉದುರಿದ ಚರ್ಮದಲ್ಲಿದೆ, ಚೆಲ್ಲಿದ ಗಂಜಿಯಲ್ಲೂ ಇದೆ. ವೈರಸ್ಸಿಗೆ ಸ್ವಂತ ಎಟಿಪಿ ಇಲ್ಲ. ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಬೀಜಕಗಳಲ್ಲಿ ಅತ್ಯಲ್ಪ. ಒಣ ಕಂಬಿಯ ಮೇಲೆ ವಾರಗಟ್ಟಲೆ ಬದುಕಬಲ್ಲ ಅಸಿನೆಟೊಬ್ಯಾಕ್ಟರ್ ಬೆರಳೆಣಿಕೆಯಷ್ಟು ಕೂತಿದ್ದರೆ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ಕೊಳೆ ಎಷ್ಟಿದೆ ಎಂದು ಸುಮಾರಾಗಿ ಹೇಳುವ ಯಂತ್ರವನ್ನು ರೋಗಾಣು ಇಲ್ಲ ಎಂಬುದಕ್ಕೆ ಸಾಕ್ಷಿ ಮಾಡುವುದು ರೋಗಿಯ ಮನೆಯವರಿಗೆ ಮಾಡುವ ಮೋಸ.

ಇನ್ನು ಆ ಸಂಖ್ಯೆ. ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮ ಅಲ್ಲದ ಕಾಲವೊಂದಿತ್ತಲ್ಲ, ಇದೂ ಹಾಗೆಯೇ. ಒಂದು ಕಂಪನಿಯ ಯಂತ್ರದಲ್ಲಿ 250ರ ಒಳಗಿದ್ದರೆ ಪಾಸ್, ಇನ್ನೊಂದರಲ್ಲಿ 100. ಯಂತ್ರದ ಹೆಸರಿಲ್ಲದ 18ಕ್ಕೆ ಅರ್ಥವೇ ಇಲ್ಲ. ಅದಕ್ಕಿಂತ ದೊಡ್ಡ ತೊಡಕು ಹೈಪೋದ್ದು. ಹೈಪೋಕ್ಲೋರೈಟ್ ಪಸೆ ಆರುವ ಮೊದಲೇ ಕಡ್ಡಿ ಉಜ್ಜಿದರೆ ಕಿಣ್ವದ ಕೆಲಸ ಕುಂದುತ್ತದೆ, ಬೆಳಕು ಇಳಿಯುತ್ತದೆ, ಸಂಖ್ಯೆಯೂ ಇಳಿಯುತ್ತದೆ. ಕೊಳೆ ಹೋಗಿರಲಿ ಬಿಡಲಿ, ಪಾಸ್.

ಆಸ್ಪತ್ರೆ ಸ್ವಚ್ಛತೆ ಎಂದಾಗಲೆಲ್ಲ ಒರೆಸುವವರ ಬಗ್ಗೆಯೇ ಬರೆಯುತ್ತೀರಿ ಎಂದು ಕೆಲವು ಓದುಗರು ಆಕ್ಷೇಪಿಸುತ್ತಾರೆ. ಹೌದು, ಇವತ್ತೂ ಬರೆಯುತ್ತೇನೆ. ಅಣ್ಣನನ್ನು ವಾರ್ಡಿಗೆ ತಂದ ಮೇಲೆ, ಗುತ್ತಿಗೆ ಏಜೆನ್ಸಿಯ ನೀಲಿ ಸಮವಸ್ತ್ರದ ಹೆಂಗಸೊಬ್ಬರು ಕೆಲಸ ಮಾಡುವುದನ್ನು ನೋಡುತ್ತ ಕೂತಿದ್ದೆ. ಮಂಚದ ಕಂಬಿ, ಲಾಕರ್, ಐವಿ ಸ್ಟ್ಯಾಂಡ್, ಆಮೇಲೆ ಪಕ್ಕದ ಮಂಚ, ಅದರಾಚೆಯ ಮಂಚ. ಎಲ್ಲಕ್ಕೂ ಅದೇ ಬಟ್ಟೆ. ಬಕೆಟ್ಟಿನ ನೀರು ಆಗಲೇ ಕಂದುಬಣ್ಣಕ್ಕೆ ತಿರುಗಿತ್ತು. ಕೇಳಿದೆ. ‘ಬಟ್ಟೆ ಲೆಕ್ಕ ಹಾಕಿ ಕೊಡ್ತಾರೆ ಸಾರ್, ಪಾಳಿಗೆ ಎರಡೇ’ ಎಂದರು. ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು: ‘ಮಷೀನ್ ಮೇಡಂ ಬರೋದು ನಮಗೆ ಮೊದಲೇ ಗೊತ್ತಿರ್ತದೆ. ಅವತ್ತು ಅವರು ನೋಡೋ ಮಂಚ ಎರಡು ಸಲ ಒರೆಸ್ತೀವಿ.’

ಯಂತ್ರವನ್ನು ಬಿಸಾಡಿ ಎಂದು ನಾನು ಹೇಳುತ್ತಿಲ್ಲ. ಅದೇ ಯಂತ್ರದಿಂದ ಅದೇ ಜಾಗವನ್ನು, ಒರೆಸುವ ಮೊದಲೊಮ್ಮೆ, ಒರೆಸಿ ಒಣಗಿದ ಮೇಲೊಮ್ಮೆ, ಹೇಳದೆ ಕೇಳದೆ ಬಂದು ಪರೀಕ್ಷಿಸಿ, ಒರೆಸಿದವರಿಗೇ ತೋರಿಸಿದರೆ ಅದು ಒಳ್ಳೆಯ ಪಾಠ. ಅಮೆರಿಕದ ವೈದ್ಯ ಫಿಲಿಪ್ ಕಾರ್ಲಿಂಗ್ ಇದಕ್ಕಿಂತ ಸರಳ ದಾರಿ ಹಿಡಿದರು. ಕಣ್ಣಿಗೆ ಕಾಣದ, ಅತಿನೇರಳೆ ದೀಪ ಹಿಡಿದಾಗ ಮಾತ್ರ ಹೊಳೆಯುವ ಜೆಲ್ಲಿನ ಚುಕ್ಕಿಯನ್ನು ಯಾರಿಗೂ ತಿಳಿಯದಂತೆ ಬಾಗಿಲ ಹಿಡಿಗೆ, ಕಂಬಿಗೆ, ಶೌಚಾಲಯದ ಹಿಡಿಕೆಗೆ ಹಚ್ಚಿದರು. ರೋಗಾಣುವಿನ ಲೆಕ್ಕ ಇದರಿಂದಲೂ ಸಿಗದು. ಕೈ ಆಡಿದೆಯೋ ಇಲ್ಲವೋ ಅಷ್ಟು ಗೊತ್ತಾಗುತ್ತದೆ. 36 ಆಸ್ಪತ್ರೆಗಳ ಆ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಮೊದಲ ಸುತ್ತಿನಲ್ಲಿ ಒರೆಸಿದ್ದು ಶೇ 48 ಜಾಗಗಳನ್ನು ಮಾತ್ರ. ಫಲಿತಾಂಶವನ್ನು ಸಿಬ್ಬಂದಿಯ ಮುಂದಿಟ್ಟು, ಕಲಿಸಿದ ಮೇಲೆ ಅದು ಶೇ 77ಕ್ಕೆ ಏರಿತು. ಅಲ್ಲಿ ಅಳತೆ ಒರೆಸುವವರಿಗೆ ತಲುಪಿತು. ಇಲ್ಲಿ ಅದು ಗೋಡೆ ಹತ್ತಿದೆ.

ಸಂಖ್ಯೆ ಪ್ರಕಟಿಸುವುದಾದರೆ ಫೇಲಾದದ್ದನ್ನೂ ಪ್ರಕಟಿಸಿ, ಒಬ್ಬ ಕೆಲಸಗಾರ್ತಿಗೆ ಎಷ್ಟು ಮಂಚ ಎಂಬುದನ್ನೂ ಬರೆಯಿರಿ. ಒಂದೇ ಸಲ ಬಳಸಿ ಎಸೆಯುವ ಕಡ್ಡಿಗಳಿಗೆ ದುಡ್ಡು ಹೊಂದಿಸುವ ಆಡಳಿತ ಮಂಡಳಿ, ಮೂರನೇ ಬಟ್ಟೆಗೆ ದುಡ್ಡಿಲ್ಲ ಎಂದರೆ ನಾನು ನಂಬುವುದಿಲ್ಲ.